ಮಿಗ್-21ರ ಕಾಕ್‌ಪಿಟ್: ಮಾದರಿ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಭಾರತೀಯ ವಾಯುಪಡೆಯಿಂದ ನಿವೃತ್ತವಾಯಿತು. ಅದಾದ ಮೇಲೆ ಅದರ ಮಾದರಿ ಕಟ್ಟುವವರ ಪತ್ರಗಳು ಹೆಚ್ಚಾಗಿವೆ. ಅವುಗಳಲ್ಲಿ ಕಾಕ್‌ಪಿಟ್ಟಿಗೆ ಸಂಬಂಧಿಸಿದವನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: 1/48 ಅಳತೆಯ ಮಿಗ್-21 ಬಿಸ್ (ಮಿಗ್-21ರ ಒಂದು ಆವೃತ್ತಿ) ಕಿಟ್ಟಿಗೆ ರೆಸಿನ್ (ಅಚ್ಚಿನಲ್ಲಿ ಎರೆದ ರಾಳ) ಕಾಕ್‌ಪಿಟ್ ಕೊಂಡು, ಬಣ್ಣ ಬಳಿದು ಒಳಗೆ ಕೂರಿಸಿದ್ದೇನೆ. ಈಗ ಫ್ಯೂಸಲಾಜಿನ (ವಿಮಾನದ ಒಡಲಿನ) ಎರಡು ಹೋಳುಗಳು ಕೂಡುತ್ತಿಲ್ಲ. ಬೆನ್ನಿನ ಕಡೆ ಸುಮಾರು 1 ಮಿ.ಮೀ. ಸಂದು ಉಳಿಯುತ್ತದೆ. ಕ್ಲಾಂಪ್ ಹಾಕಿ ಒತ್ತಿ ಅಂಟಿಸಬಹುದೇ? (ಮೈಸೂರು)

ಖಂಡಿತ ಬೇಡ. ಒತ್ತಿ ಅಂಟಿಸಿದರೆ ಅವತ್ತಿಗೆ ಕೂಡಿದಂತೆ ಕಾಣುತ್ತದೆ, ಆದರೆ ಪ್ಲಾಸ್ಟಿಕ್ ಒಳಗೊಳಗೇ ಬಿಗಿದುಕೊಂಡಿರುತ್ತದೆ. ಮುಂದೊಂದು ದಿನ ಎನಾಮೆಲ್ ವಾಶ್ (ಸಂದುಗಳಿಗೆ ಇಳಿಸುವ ತೆಳು ಬಣ್ಣ) ಅಥವಾ ಟರ್ಪೆಂಟೈನ್ ತಾಗಿದಾಗ ಜೋಡಣೆಯ ಗೆರೆಯುದ್ದಕ್ಕೂ ಬಿರುಕು ಬಿಡುತ್ತದೆ. ಕಾಕ್‌ಪಿಟ್ಟಿನ ಅಂಚು ಅಗಲವಾಗುವುದರಿಂದ ಕ್ಯಾನೊಪಿಯೂ (ಕಾಕ್‌ಪಿಟ್ಟಿನ ಗಾಜಿನ ಮುಚ್ಚಳ) ಕಿರಿದಾಗಿ ಕಂಡು, ಎರಡೂ ಬದಿಯಲ್ಲಿ ಮೆಟ್ಟಿಲು ಬೀಳುತ್ತದೆ.

ತೊಂದರೆ ಇರುವುದು ಗೋಡೆಯ ದಪ್ಪದಲ್ಲಿ. ಕಿಟ್ಟಿನ ಫ್ಯೂಸಲಾಜ್ ಗೋಡೆ 1 ಮಿ.ಮೀ. ದಪ್ಪ ಇದ್ದರೆ, 1/48ರ ಲೆಕ್ಕದಲ್ಲಿ ಅದು ನಿಜ ವಿಮಾನದ 48 ಮಿ.ಮೀ.ಗೆ ಸಮ. ನಿಜವಾದ ಹೊದಿಕೆಯ ತಗಡು ಕೆಲವೇ ಮಿಲಿಮೀಟರ್. ರೆಸಿನ್ ಸೆಟ್ ತಯಾರಿಸುವವರು ನೀವು ಈ ಹೆಚ್ಚಿನ ದಪ್ಪವನ್ನು ತೆಗೆಯುತ್ತೀರಿ ಎಂದುಕೊಂಡೇ ಅಚ್ಚು ಮಾಡಿರುತ್ತಾರೆ. ಕೂರಿಸಿದ್ದನ್ನು ಹೊರತೆಗೆಯಿರಿ. ಬಣ್ಣ ಕೆಡದಂತೆ ಟಿಶ್ಯೂ ಸುತ್ತಿ ಮಾಸ್ಕಿಂಗ್ ಟೇಪ್ ಹಾಕಿ, ಇನ್ನು ಕೆಲಸವನ್ನೆಲ್ಲ ಫ್ಯೂಸಲಾಜಿನ ಮೇಲೆ ಮಾಡಿ. ಒಳಗೋಡೆಯಲ್ಲಿ ಕಿಟ್ಟಿನವರು ಕೊಟ್ಟ ಉಬ್ಬು ವಿವರಗಳನ್ನು ಮೊದಲು ಪೂರ್ತಿ ಹೆರೆದುಬಿಡಿ. ಆಮೇಲೆ ಬಾಗಿದ ಬ್ಲೇಡಿನಿಂದ ಹೆರೆಯುತ್ತ ಗೋಡೆಯನ್ನು ಸುಮಾರು ಅರ್ಧ ಮಿ.ಮೀ.ಗೆ ಇಳಿಸಿ. ರೋಟರಿ ಉಪಕರಣ ಬಳಸುವುದಾದರೆ ಅತಿ ಕಡಿಮೆ ವೇಗದಲ್ಲಿ ಓಡಿಸಿ. ವೇಗ ಹೆಚ್ಚಿದರೆ ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ಉಂಡೆಗಟ್ಟುತ್ತದೆ. ಆಗಾಗ ಬೆಳಕಿಗೆ ಹಿಡಿದು ನೋಡಿ. ಹಿಂದೆ ಇಟ್ಟ ಬೆರಳಿನ ನೆರಳು ಮಸುಕಾಗಿ ಕಂಡಾಗ ನಿಲ್ಲಿಸಿ. ಕ್ಯಾನೊಪಿ ಕೂರುವ ಮೇಲಂಚಿನಲ್ಲಿ 2 ಮಿ.ಮೀ. ಪಟ್ಟಿಯನ್ನು ಕೊನೆಗೆ ಉಳಿಸಿಕೊಂಡು, ಅಲ್ಲಿ ಉಜ್ಜುವ ಕಾಗದದಿಂದ ಮಾತ್ರ ಮೃದುವಾಗಿ ಓರೆ ಮಾಡಿ.

ಇಷ್ಟಾದರೂ ಕೂಡದಿದ್ದರೆ ಎಲ್ಲಿ ತಡೆಯುತ್ತಿದೆ ಎಂದು ಊಹಿಸುತ್ತ ಕೂರಬೇಡಿ. ಟಬ್ಬಿನ (ತೊಟ್ಟಿಯಾಕಾರದ ಕಾಕ್‌ಪಿಟ್ ತುಂಡಿನ) ಹೊರಮೈಗೆ ತೆಳುವಾಗಿ ಲಿಪ್‌ಸ್ಟಿಕ್ ಸವರಿ, ಹೋಳುಗಳನ್ನು ಮುಚ್ಚಿ ತೆರೆಯಿರಿ. ಗುರುತು ಬಿದ್ದಲ್ಲಿ ಮಾತ್ರ ಹೆರೆಯಿರಿ. ಮಿಗ್-21ರಲ್ಲಿ ಬಹಳ ಸಲ ತಡೆಯುವುದು ಬದಿಗಳಲ್ಲಿ ಅಲ್ಲ, ತಳದಲ್ಲಿ. ಮೂಗಿನ ಚಕ್ರದ ಗುಂಡಿ ಕಾಕ್‌ಪಿಟ್ಟಿನ ನೆಲದ ಕೆಳಗೇ ಇದೆ. ಅದರ ಚಾವಣಿಗೆ ಟಬ್ಬಿನ ತಳ ಬಡಿದು ಇಡೀ ಟಬ್ ಮೇಲೇರಿ ನಿಂತಿರುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ತೆಳುಮಾಡಿ. ರೆಸಿನ್ನನ್ನು ಒದ್ದೆ ಮಾಡಿಯೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಅದರ ಹುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನೊಂದು ಮಾತು ಮುಂದಿನ ಕಿಟ್ಟಿಗೆ. ಒಣ ಜೋಡಣೆಯನ್ನು ಬಣ್ಣಕ್ಕೆ ಮುಂಚೆಯೇ ಮುಗಿಸಿ, ಎಲ್ಲ ಕಡೆ ಒಂದು ಕಾಗದದ ದಪ್ಪ, ಅಂದರೆ 0.1 ಮಿ.ಮೀ. ಸಡಿಲ ಬಿಡಿ. ಪ್ರೈಮರ್, ಬಣ್ಣ, ವಾರ್ನಿಶ್ ಸೇರಿ ಆ ಜಾಗವನ್ನು ತಿಂದುಬಿಡುತ್ತವೆ.

ಪ್ರಶ್ನೆ: ಬಿಸ್‌ನ ಒಳಗಿನ ನೀಲಿ-ಹಸಿರು ಬಾಟಲಿಯಿಂದ ನೇರ ಬಳಿದರೆ ಕಣ್ಣಿಗೆ ಹೊಡೆಯುತ್ತದೆ. ಎಷ್ಟು ತಗ್ಗಿಸಬೇಕು? ಇದೇ ಕಾಕ್‌ಪಿಟ್ ಸೆಟ್ಟನ್ನು ನಮ್ಮ ಮಿಗ್-21 ಎಫ್‌ಎಲ್‌ಗೂ ಹಾಕಬಹುದೇ? (ಹುಬ್ಬಳ್ಳಿ)

ಎರಡನೆಯದಕ್ಕೆ ಮೊದಲು ಉತ್ತರ: ಹಾಕಬಾರದು. ವಾಯುಪಡೆಯಲ್ಲಿ ಟೈಪ್-77 ಎಂದು ಕರೆಯುತ್ತಿದ್ದ ಹಳೆಯ ಆವೃತ್ತಿ ಎಫ್‌ಎಲ್‌ನಲ್ಲಿ ಇದ್ದದ್ದು ಎಸ್‌ಕೆ ಎಂಬ, ಪೈಲಟ್‌ನನ್ನು ಹೊರಚಿಮ್ಮಿಸುವ ಆಸನ. ಅದರ ಕ್ಯಾನೊಪಿ ಮುಂಗಾಜಿನೊಂದಿಗೆ ಒಂದೇ ತುಂಡು. ಮುಂದಿನ ಕೀಲಿನ ಮೇಲೆ ತೆರೆದುಕೊಳ್ಳುತ್ತದೆ. ಪೈಲಟ್ ಹಾರಿಕೊಂಡಾಗ ಆ ಕ್ಯಾನೊಪಿಯೇ ಆಸನಕ್ಕೆ ಸಿಕ್ಕಿಕೊಂಡು ಗಾಳಿಯ ಹೊಡೆತಕ್ಕೆ ಗುರಾಣಿಯಾಗುವಂತೆ ಅದನ್ನು ರೂಪಿಸಿದ್ದರು. ಪಿಎಫ್‌ಎಂ ಎಂಬ ನಂತರದ ಆವೃತ್ತಿಯಿಂದ ಮುಂದೆ ಆಸನ ಕೆಎಂ-1 ಆಯಿತು, ಮುಂಗಾಜು ಬೇರೆಯಾಯಿತು, ಕ್ಯಾನೊಪಿ ಬಲಗಡೆಗೆ ತೆರೆಯತೊಡಗಿತು. ಹಾಗಾಗಿ ಎಫ್‌ಎಲ್‌ನ ಒಳಗೆ ಕೆಎಂ-1 ಕೂರಿಸಿದರೆ ಬಲ್ಲವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಬಿಸ್‌ನ ಬಣ್ಣವನ್ನೂ ಎಫ್‌ಎಲ್‌ಗೆ ಹಾಗೇ ಎತ್ತಿ ಬಳಿಯಬೇಡಿ. ನೀವು ಕಟ್ಟುವ ವಿಮಾನದ ಒಳಗಿನ ಫೋಟೊ ಸಿಕ್ಕುವವರೆಗೆ ಕಾಯಿರಿ.

ಬಿಸ್‌ನ ಬಣ್ಣಕ್ಕೆ ಬಂದರೆ, ಚಿಕ್ಕ ಮಾದರಿಯಲ್ಲಿ ಗಾಢ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. 1/48ಕ್ಕೆ ಹತ್ತು ಹನಿಗೆ ಒಂದು ಹನಿ ಬಿಳಿ, 1/72ಕ್ಕೆ ಎರಡು ಹನಿ ಬಿಳಿ ಬೆರೆಸಿ ನೋಡಿ. ಹಳೆಯ ವಿಮಾನವಾದರೆ ತಿಳಿ ಬೂದು ಒಂದು ಹನಿ. ವಾಶ್‌ಗೆ ಕಪ್ಪು ಬೇಡ. ಕಪ್ಪು ಕೂತರೆ ಈ ಬಣ್ಣ ಕೊಳಕು ಪಾಚಿಯಾಗುತ್ತದೆ. ಬರ್ಂಟ್ ಅಂಬರ್ ಅಥವಾ ಕಡು ಕಂದು ಎಣ್ಣೆಬಣ್ಣವನ್ನು ವೈಟ್ ಸ್ಪಿರಿಟ್‌ನಲ್ಲಿ ಚಹಾದಷ್ಟು ತೆಳು ಮಾಡಿ ಸಂದುಗಳಿಗೆ ಮಾತ್ರ ಇಳಿಸಿ, ಅದಕ್ಕೆ ಮುಂಚೆ ಅಕ್ರಿಲಿಕ್ ಗ್ಲಾಸ್ (ಹೊಳಪಿನ) ವಾರ್ನಿಶ್ ಒಂದು ಕೋಟ್ ಒಣಗಿರಲಿ. ಬದಿಯ ಕಪ್ಪು ಪೆಟ್ಟಿಗೆಗಳಿಗೆ ಅಪ್ಪಟ ಕಪ್ಪಿನ ಬದಲು ತಮಿಯಾ ಎಕ್ಸ್‌ಎಫ್-69 (ನೇಟೊ ಬ್ಲ್ಯಾಕ್) ಬಳಸಿದರೆ ಡ್ರೈ ಬ್ರಶ್ (ಒಣಗಿದ ಬ್ರಶ್‌ನಿಂದ ಉಬ್ಬುಗಳಿಗೆ ತಿಳಿ ಬಣ್ಣ ಸವರುವುದು) ಮಾಡಲು ಅವಕಾಶ ಉಳಿಯುತ್ತದೆ.

ಪ್ಯಾನೆಲಿನ ನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಬಿಳಿ ಪಟ್ಟಿಯನ್ನು ಮರೆಯಬೇಡಿ. ವಿಮಾನ ಸ್ಪಿನ್‌ಗೆ (ಹಿಡಿತ ತಪ್ಪಿ ಸುತ್ತುತ್ತ ಬೀಳುವುದಕ್ಕೆ) ಸಿಕ್ಕಾಗ ಸ್ಟಿಕ್ಕನ್ನು ನಟ್ಟನಡುವೆ ತರಲು ಪೈಲಟ್‌ಗೆ ಅದೇ ಗುರುತು. ಬ್ರಶ್‌ನಲ್ಲಿ ಎಳೆದರೆ ಗೆರೆ ಅಲುಗುತ್ತದೆ. ಬಿಳಿ ಡೆಕಾಲಿನಿಂದ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಪದರ) ಕಾಲು ಮಿ.ಮೀ. ಅಗಲದ ಪಟ್ಟಿ ಹೊಸ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿ.

ಪ್ರಶ್ನೆ: 1/72ರಲ್ಲಿ ಮೀಟರುಗಳು ಚುಕ್ಕೆಗಳಂತೆ ಕಾಣುತ್ತವೆ. ಕಿಟ್ಟಿನ ಡೆಕಾಲ್ ಉಬ್ಬು ಪ್ಯಾನೆಲ್ ಮೇಲೆ ಕೂರುತ್ತಿಲ್ಲ, ಬೆಳ್ಳಗೆ ಹೊಳೆಯುತ್ತದೆ. ಫೋಟೊ-ಎಚ್ (ರಾಸಾಯನಿಕದಿಂದ ಕೊರೆದ ತೆಳು ಲೋಹದ ತುಂಡು), ತ್ರೀಡಿ ಡೆಕಾಲ್ (ಉಬ್ಬಾಗಿ ಮುದ್ರಿಸಿದ್ದು) ಇವೆರಡರಲ್ಲಿ ಯಾವುದು ಮೇಲು? (ತುಮಕೂರು)

80 ಮಿ.ಮೀ. ವ್ಯಾಸದ ಮೀಟರು 1/72ರಲ್ಲಿ 1.1 ಮಿ.ಮೀ.; 1/48ರಲ್ಲಿ ಸುಮಾರು 1.7 ಮಿ.ಮೀ. ಅದರೊಳಗಿನ 5 ಮಿ.ಮೀ. ಅಂಕಿ ಕೂದಲೆಳೆಯಷ್ಟೇ ಇರುತ್ತದೆ. ಓದಿಸಲು ಹೋಗಬೇಡಿ. ಕಣ್ಣು ನಂಬುವುದು ಕಪ್ಪು ವೃತ್ತ, ಸುತ್ತ ತೆಳು ಅಂಚು, ಒಳಗೆ ಒಂದೆರಡು ಬಿಳಿ ಗುರುತು, ಮೇಲೆ ಗಾಜಿನ ಹೊಳಪು ಇವನ್ನೇ.

ನಿಮ್ಮ ಡೆಕಾಲ್ ಬೆಳ್ಳಗೆ ಕಾಣುವುದಕ್ಕೆ ಕಾರಣ ಕೆಳಗೆ ಸಿಕ್ಕಿಕೊಂಡ ಗಾಳಿ. ಮ್ಯಾಟ್ ಬಣ್ಣದ ಒರಟು ಮೈಯಲ್ಲಿ ಅದು ಉಳಿಯುತ್ತದೆ. ಪ್ಯಾನೆಲಿಗೆ ಮೊದಲು ಬಣ್ಣ, ಡ್ರೈ ಬ್ರಶ್, ಅದರ ಮೇಲೆ ಗ್ಲಾಸ್ ವಾರ್ನಿಶ್. ಡೆಕಾಲನ್ನು ಇಡಿಯಾಗಿ ಹೊದಿಸುವ ಬದಲು ಪ್ರತಿ ಮೀಟರನ್ನೂ 1 ಮಿ.ಮೀ. ಪಂಚ್‌ನಿಂದ ಬೇರೆ ಬೇರೆ ಕತ್ತರಿಸಿ. ಪಂಚ್ ಸೆಟ್ ಇಲ್ಲದವರು ಇಂಜೆಕ್ಷನ್ ಸೂಜಿಯ ತುದಿಯನ್ನು ಚಪ್ಪಟೆ ಉಜ್ಜಿ, ಒಳ ಅಂಚನ್ನು ಹರಿತ ಮಾಡಿಕೊಂಡರೆ ಸಾಕು. ಗುಂಡಿಗೆ ಮೈಕ್ರೋ ಸೆಟ್ (ಡೆಕಾಲ್ ಹಿಡಿಸುವ ದ್ರವ) ಒಂದು ಹನಿ, ಡೆಕಾಲ್ ಇಟ್ಟು ಸೂಜಿಯಿಂದ ನಡುವಿಗೆ ತಳ್ಳಿ, ಆಮೇಲೆ ಮೈಕ್ರೋ ಸೋಲ್ (ಡೆಕಾಲ್ ಮೆತ್ತಗಾಗಿಸುವ ದ್ರವ). ಡೆಕಾಲ್ ಸುಕ್ಕುಗಟ್ಟಿದಂತೆ ಕಂಡರೂ ಮುಟ್ಟಬೇಡಿ. ಒಣಗುತ್ತ ತಾನೇ ಕೂರುತ್ತದೆ. ಆಗ ಬೆರಳು ತಾಗಿಸಿದರೆ ಹರಿದೇ ಹೋಗುತ್ತದೆ. ಮರುದಿನ ಮ್ಯಾಟ್ ವಾರ್ನಿಶ್, ಕೊನೆಗೆ ಪ್ರತಿ ಮೀಟರಿಗೂ ಹಲ್ಲುಕಡ್ಡಿಯ ತುದಿಯಿಂದ ತಮಿಯಾ ಎಕ್ಸ್-22 (ಹೊಳಪಿನ ಪಾರದರ್ಶಕ ವಾರ್ನಿಶ್) ಒಂದು ಚುಕ್ಕೆ. ಹನಿ ದೊಡ್ಡದಾದರೆ ಗಾಜು ಗುಳ್ಳೆಯಂತೆ ಉಬ್ಬುತ್ತದೆ.

ಬಣ್ಣ ಮೊದಲೇ ಹಚ್ಚಿ ಬರುವ ಫೋಟೊ-ಎಚ್ ಹಿತ್ತಾಳೆ ಚಪ್ಪಟೆ. ಅದು ಮೀಟರುಗಳಿಗೆ ಸರಿ, ಸ್ವಿಚ್ಚು ಲಿವರುಗಳಿಗೆ ಸಾಲದು. ಅದರ ಬಣ್ಣ ಕಿಟ್ಟಿಗೆ ನೀವು ಬೆರೆಸಿದ ಬಣ್ಣಕ್ಕೆ ಹೊಂದದೆ ಬದಿಗೋಡೆ ಒಂದು ನೀಲಿ, ಪ್ಯಾನೆಲ್ ಇನ್ನೊಂದು ನೀಲಿಯಾಗುವುದು ಮಿಗ್‌ನಲ್ಲಿ ಪದೇ ಪದೇ ಆಗುವ ಎಡವಟ್ಟು. ಹಿತ್ತಾಳೆಯ ತುಂಡನ್ನು ಮೊದಲು ಪಕ್ಕದಲ್ಲಿಟ್ಟುಕೊಂಡು, ಅದಕ್ಕೆ ಹೊಂದುವಂತೆ ಉಳಿದ ಬಣ್ಣ ಬೆರೆಸಿ. ತ್ರೀಡಿ ಡೆಕಾಲ್‌ನಲ್ಲಿ ಉಬ್ಬು, ಬಣ್ಣ ಎರಡೂ ಬರುತ್ತವೆ. 1/72ಕ್ಕೆ ನಮ್ಮ ಆಯ್ಕೆ ಅದೇ. ಆದರೆ ಕಿಟ್ಟಿನ ಪ್ಯಾನೆಲನ್ನು ಪೂರ್ತಿ ಚಪ್ಪಟೆ ಉಜ್ಜಬೇಕು. ಮೈಕ್ರೋ ಸೋಲ್‌ನಂಥ ಸಾಫ್ಟ್‌ನರ್ ತ್ರೀಡಿ ಡೆಕಾಲನ್ನು ಹಿಡಿಸುವುದಿಲ್ಲ, ಫೆವಿಕಾಲ್‌ನಂಥ ಬಿಳಿ ಅಂಟು ತೆಳುವಾಗಿ ಸವರಿಯೇ ಕೂರಿಸಬೇಕು.

ಬದಿಯ ಟಾಗಲ್ ಸ್ವಿಚ್ಚುಗಳನ್ನು ಎಲ್ಲ ಮಾಡಲು ಹೊರಡಬೇಡಿ. ಮಿಗ್-21ರ ಕ್ಯಾನೊಪಿ ಕಿರಿದು. ಮುಚ್ಚಿದ ಮಾದರಿಯಲ್ಲಿ ಕಾಣುವುದು ಆಸನದ ತಲೆ, ಗನ್‌ಸೈಟ್ (ಗುರಿ ಹಿಡಿಯುವ ಸಾಧನ), ಪ್ಯಾನೆಲಿನ ಮೇಲಿನ ಹೊದಿಕೆ ಮತ್ತು ಬದಿಗೋಡೆಯ ಮೇಲಿನ ಒಂದಿಷ್ಟು. ಪೆಡಲ್‌ಗಳಿಗೆ ಕೊಡುವ ಸಂಜೆಯನ್ನು ಗನ್‌ಸೈಟಿಗೆ ಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ಮ್ಯಾಟ್ ವಾರ್ನಿಶ್ ಹೊಡೆದರೆ ಕಾಕ್‌ಪಿಟ್ ಬೂಸ್ಟು ಹಿಡಿದಂತಾಗುತ್ತದೆ. ಕ್ಯಾನೊಪಿಯ ಒಳಗೂ ಬಿಳಿ ಮಂಜು. ಎರಡಕ್ಕೂ ಕಾರಣ ಒಂದೇ? (ಮಂಗಳೂರು)

ಬೇರೆ ಬೇರೆ. ಲ್ಯಾಕರ್ ವಾರ್ನಿಶ್‌ನ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ನೀರು ಅಲ್ಲೇ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ರಿಟಾರ್ಡರ್ (ಒಣಗುವುದನ್ನು ನಿಧಾನಗೊಳಿಸುವ ದ್ರವ) ಬೆರೆಸಿದ ಲ್ಯಾಕರ್ ಥಿನ್ನರನ್ನು ದೂರದಿಂದ ಹದವಾಗಿ ಮಂಜಿನಂತೆ ಬಿಟ್ಟರೆ ಪದರ ಮತ್ತೆ ಕರಗಿ ನೀರು ಹೊರಬೀಳುತ್ತದೆ. ಆದರೂ ಬಿಳಿ ಹೋಗದಿದ್ದರೆ ಅದು ತೇವವಲ್ಲ: ಬಾಟಲಿಯ ತಳದಲ್ಲಿ ಕೂತ ಮ್ಯಾಟ್ ಪುಡಿ ಸರಿಯಾಗಿ ಕಲಕದೆ ದಪ್ಪವಾಗಿ ಬಿದ್ದದ್ದು. ಅದಕ್ಕೆ ಮೇಲೊಂದು ಗ್ಲಾಸ್ ಕೋಟ್ ಹಾಕಿ, ಚೆನ್ನಾಗಿ ಕಲಕಿದ ಮ್ಯಾಟನ್ನು ತೆಳುವಾಗಿ ಮತ್ತೆ ಹೊಡೆಯಿರಿ. ಕಂಪ್ರೆಸರಿಗೆ ತೇವ ಹಿಡಿಯುವ ಟ್ರ್ಯಾಪ್ ಇರಲೇಬೇಕು.

ಕ್ಯಾನೊಪಿಯ ಮಂಜು ಫೆವಿಕ್ವಿಕ್‌ನಂಥ ಸೂಪರ್ ಗ್ಲೂನ ಆವಿಯದು. ಅದು ತೇವ ಮತ್ತು ಬೆರಳಚ್ಚಿನ ಮೇಲೆ ಗಟ್ಟಿಯಾಗುತ್ತದೆ. ಒಳಗೆ ಸೂಪರ್ ಗ್ಲೂ ಬಳಸಿದ್ದರೆ ಎರಡು ದಿನ ತೆರೆದಿಟ್ಟು ಆಮೇಲೆ ಮುಚ್ಚಿ. ಕ್ಯಾನೊಪಿಗೆ ಬಿಳಿ ಅಂಟೇ ಇರಲಿ. ಈಗ ಬಂದಿರುವ ಮಂಜು ತೆಳುವಾಗಿದ್ದರೆ ತುಂಡನ್ನು ಬಿಡಿಸಿ, ಪಾಲಿಶಿಂಗ್ ಕಾಂಪೌಂಡ್‌ನಲ್ಲಿ ಉಜ್ಜಿ, ಅಕ್ರಿಲಿಕ್ ಕ್ಲಿಯರ್‌ನಲ್ಲಿ ಅದ್ದಿ ಓರೆಯಾಗಿ ಒಣಗಿಸಿ. ಬಿಡಿಸಲೆಂದು ಅಸಿಟೋನ್ ಮುಟ್ಟಿಸಬೇಡಿ, ಪಾರದರ್ಶಕ ಪ್ಲಾಸ್ಟಿಕ್ ಆ ಕ್ಷಣವೇ ಕೆಡುತ್ತದೆ.

ಪ್ರಶ್ನೆ: ಆಸನಕ್ಕೆ ಬೆಲ್ಟ್ ಕೊಟ್ಟಿಲ್ಲ. ಬೇರೆ ಸೆಟ್ ತರಿಸದೆ ಮನೆಯಲ್ಲೇ ಮಾಡುವುದು ಹೇಗೆ? (ದಾವಣಗೆರೆ)

45 ಮಿ.ಮೀ. ಅಗಲದ ಪಟ್ಟಿ 1/48ರಲ್ಲಿ 0.9 ಮಿ.ಮೀ., 1/72ರಲ್ಲಿ 0.6. ತಮಿಯಾ ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ ಈ ಅಳತೆಗೆ ಕತ್ತರಿಸಿ. ಅದರ ಅಂಟನ್ನೇ ನೆಚ್ಚಬೇಡಿ, ತುದಿಗಳು ಮೇಲೇಳುತ್ತವೆ; ಬಿಳಿ ಅಂಟು ಸೇರಿಸಿ. ಬೆಲ್ಟ್ ಆಸನದ ಅಂಚಿನಿಂದ ಭಾರಕ್ಕೆ ಜೋತು ಬೀಳಬೇಕೆಂದಿದ್ದರೆ ತೆಳು ಸೀಸದ ಹಾಳೆಯೇ ಮೇಲು, ಬಾಗಿಸಿದಂತೆ ನಿಲ್ಲುತ್ತದೆ. ಬಕಲ್‌ಗೆ ಹಳೆಯ ಇಯರ್‌ಫೋನಿನ ಸಣ್ಣ ತಾಮ್ರದ ತಂತಿಯನ್ನು ಬ್ಲೇಡಿನ ತುದಿಗೆ ಸುತ್ತಿ ಚೌಕ ಮಾಡಿ. ಬಣ್ಣವಿಲ್ಲದ ಫೋಟೊ-ಎಚ್ ಬೆಲ್ಟ್ ಕೈಗೆ ಸಿಕ್ಕಿದರೆ ಮೇಣದಬತ್ತಿಯ ಜ್ವಾಲೆಯಲ್ಲಿ ಕ್ಷಣ ಕಾಯಿಸಿ ತಣಿಯಲು ಬಿಡಿ, ಹಿತ್ತಾಳೆ ಮೆತ್ತಗಾಗುತ್ತದೆ. ಬಣ್ಣ ಹಚ್ಚಿದ್ದನ್ನು ಕಾಯಿಸಬೇಡಿ.

ಪ್ರಶ್ನೆ: ಬೈಸನ್ (ಬಿಸ್‌ನ ಆಧುನೀಕರಿಸಿದ ರೂಪ) ಕಟ್ಟುತ್ತಿದ್ದೇನೆ. ಹಡ್ (ಪೈಲಟ್‌ನ ಕಣ್ಣೆದುರು ಮಾಹಿತಿ ತೋರಿಸುವ ಸಾಧನ) ಗಾಜು ಮತ್ತು ಪ್ಯಾನೆಲಿನ ಪರದೆ (ಡಿಸ್‌ಪ್ಲೇ) ಹೇಗೆ? (ದುಬೈ)

ಮೊದಲು ಮುಂಗಾಜು ನೋಡಿ. ಬಿಸ್‌ನದರಂತೆ ಚೌಕಟ್ಟಿನ ಪಟ್ಟಿಗಳು ಬೈಸನ್‌ಗಿಲ್ಲ. ಹಡ್‌ಗೆ 0.1 ಮಿ.ಮೀ. ಪಾರದರ್ಶಕ ಹಾಳೆ ಕತ್ತರಿಸಿ, ಅಂಚಿಗೆ ಮಾತ್ರ ಹಸಿರು ಮಾರ್ಕರ್ ತಾಗಿಸಿ, ಬಿಳಿ ಅಂಟಿನಲ್ಲಿ ನಿಲ್ಲಿಸಿ. ಕ್ಯಾನೊಪಿ ತೆರೆದು ಏಣಿ ಇಟ್ಟು ನಿಲ್ಲಿಸುವ ಮಾದರಿಯಾದರೆ ಪರದೆ ಆರಿರುತ್ತದೆ: ಕಡು ಬೂದು, ಮೇಲೆ ತಮಿಯಾ ಎಕ್ಸ್-25 ಕ್ಲಿಯರ್ ಗ್ರೀನ್ ಬೆರೆಸಿದ ಗ್ಲಾಸ್ ಒಂದು ಹನಿ. ಚಿತ್ರ ಮೂಡಿದ ಡೆಕಾಲ್ ಅಲ್ಲಿ ಸುಳ್ಳಾಗುತ್ತದೆ.

ಪ್ರಶ್ನೆ: ನಿಜವಾದ ವಿಮಾನಗಳನ್ನು ಹತ್ತಿರದಿಂದ ನೋಡಲು ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? (ಶಿವಮೊಗ್ಗ)

ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯ. ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಎಚ್‌ಎಎಲ್ ಕಟ್ಟಿದ ಮರುತ್ ಯುದ್ಧವಿಮಾನ ಇದೆ. 1961ರ ಜೂನ್ 17ರಂದು ಬೆಂಗಳೂರಿನಲ್ಲೇ ಮೊದಲ ಬಾರಿಗೆ ಹಾರಿದ ಜಾತಿ ಅದು. ಪ್ರದರ್ಶನಕ್ಕಿಟ್ಟ ವಿಮಾನಗಳ ಬಣ್ಣವನ್ನು ನಂಬಬೇಡಿ. ಮತ್ತೆ ಮತ್ತೆ ಬಳಿದಿರುತ್ತಾರೆ, ಒಳಗಿನ ಮೀಟರುಗಳನ್ನು ಎಷ್ಟೋ ಸಲ ತೆಗೆದಿರುತ್ತಾರೆ. ಆಕಾರ, ಕೀಲು, ರಿವೆಟ್ ಸಾಲು, ಕ್ಯಾನೊಪಿ ಚೌಕಟ್ಟಿನ ಅಗಲ ಇವನ್ನು ಮಾತ್ರ ಅಲ್ಲಿಂದ ತನ್ನಿ. ಫೋಟೊ ತೆಗೆಯುವಾಗ ಅಳತೆಪಟ್ಟಿಯನ್ನು ಪಕ್ಕದಲ್ಲಿ ಹಿಡಿಸಿ, ಬದಿಯಿಂದ ನೇರವಾಗಿ, ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಹತ್ತಿರ ಹೋಗಿ ಫೋನಿನ ಅಗಲ ಲೆನ್ಸಿನಲ್ಲಿ ತೆಗೆದರೆ ಚೌಕಟ್ಟಿನ ರೇಖೆಗಳು ಬಾಗಿ ಅಳತೆ ಕೆಡುತ್ತದೆ.