ಸಿಬಿಲ್ ಸ್ಕೋರ್ ಕಮ್ಮಿ ಇರುವವರಿಗೆ ಮನೆ ಬಾಡಿಗೆಗೆ ಕೊಡಬಹುದಾ?

ಬೆಂಗಳೂರಿನ ನಿಮ್ಮ ಮನೆ ನೋಡಲು ಬಂದವರ ಸಿಬಿಲ್ ಸ್ಕೋರ್ 610 ಇದೆ, ಕೊಡಲೋ ಬೇಡವೋ ಎಂದು ಕೇಳಿದ್ದೀರಿ. ಬರೀ ಸ್ಕೋರ್ ನೋಡಿ ನಾನಾದರೆ ಬೇಡ ಅನ್ನುವುದಿಲ್ಲ. 300ರಿಂದ 900ರವರೆಗಿನ ಆ ಅಂಕಿ ಸಾಲ, ಕ್ರೆಡಿಟ್ ಕಾರ್ಡಿನ ಲೆಕ್ಕ. ಬಾಡಿಗೆ ಸರಿಯಾಗಿ ಕಟ್ಟಿದ್ದಾರಾ ಅನ್ನುವುದು ಸಾಮಾನ್ಯವಾಗಿ ಅದರಲ್ಲಿ ಬರುವುದೇ ಇಲ್ಲ.

ನೋಡಬೇಕಾದ್ದು ಸಿಬಿಲ್ ವರದಿಯ ಒಳಗೆ. ಅದನ್ನು ಅವರೇ ತೆಗೆದು ತೋರಿಸಲಿ, ವರ್ಷಕ್ಕೊಂದು ಉಚಿತವಾಗಿ ಸಿಗುತ್ತದೆ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಡಿಪಿಡಿ, ಅಂದರೆ ಕಂತು ಎಷ್ಟು ದಿನ ತಡವಾಗಿದೆ ಎಂಬ ಅಂಕಿಗಳಿರುತ್ತವೆ. 000 ಅಂದರೆ ಬಾಕಿ ಇಲ್ಲ, 060 ಅಂದರೆ 60 ದಿನ ತಡ. ಎರಡು ವರ್ಷದ ಹಿಂದೆ ನಾಲ್ಕು ತಿಂಗಳು ತಡವಾಗಿ, ಆಮೇಲೆ ಸಾಲಾಗಿ ಸೊನ್ನೆಗಳಿದ್ದರೆ? ಕೆಲಸ ಹೋಗಿತ್ತೋ ಏನೋ, ಸುಮ್ನೆ ಕೇಳಿ ನೋಡಿ. ಈಗಿನ ತಿಂಗಳುಗಳಲ್ಲೇ 030, 060, 090 ಎಂದು ಏರುತ್ತಿದ್ದರೆ ಮಾತ್ರ ನಾನು ಕೈ ಮುಗಿದು ಕಳಿಸುತ್ತೇನೆ. ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕ್ ಕಮ್ಮಿ ಹಣಕ್ಕೆ ಒಪ್ಪಿ ಸಾಲ ಮುಗಿಸಿದೆ ಎಂದರ್ಥ. ಸ್ಕೋರ್ ಜಾಗದಲ್ಲಿ -1 ಇದ್ದರೆ ಹೆದರಬೇಡಿ, ಅವರ ಸಾಲದ ಇತಿಹಾಸವೇ ಇಲ್ಲ ಅಷ್ಟೇ.

ನನಗೆ ಇದಕ್ಕಿಂತ ಜಾಸ್ತಿ ನಂಬಿಕೆ ಬ್ಯಾಂಕ್ ಸ್ಟೇಟ್‌ಮೆಂಟಿನ ಮೇಲೆ. ಆರು ತಿಂಗಳ ಬಾಡಿಗೆ ಯಾವ ತಾರೀಖಿಗೆ ಹೋಗಿದೆ ನೋಡಿ. ಹಳೆ ಮಾಲೀಕರಿಗೂ ಫೋನ್ ಮಾಡಿ. ಈಗಿನವರಿಗಲ್ಲ, ಅದಕ್ಕೂ ಹಿಂದಿನ ಮನೆಯವರಿಗೆ. ಈಗಿನವರಿಗೆ ಹೇಗಾದರೂ ಸಾಗಹಾಕುವ ಅವಸರ ಇರಬಹುದು, ಅಲ್ವಾ?

ಇನ್ನೊಂದು ಮಾತು. ಆ ವರದಿಯಲ್ಲಿ ಪ್ಯಾನ್ ನಂಬರ್, ವಿಳಾಸ ಎಲ್ಲ ಇರುತ್ತದೆ. ವಾಟ್ಸಾಪಿನಲ್ಲಿ ತರಿಸಿಕೊಳ್ಳಬೇಡಿ, ಎದುರಿಗೇ ನೋಡಿ ವಾಪಸ್ ಕೊಡಿ.