ಕೊಡಗಿನಲ್ಲಿದ್ದುಕೊಂಡು ನೌಕಾ ಇತಿಹಾಸದ ಹಳೆ ಪುಸ್ತಕ ಸಂಗ್ರಹಿಸಬಹುದಾ?

ನೀವು ಕೇಳಿರುವುದು ಇಷ್ಟು. ಸೋಮವಾರಪೇಟೆ ಕಡೆಯವರು. ಯುದ್ಧನೌಕೆ, ಸಮುದ್ರ ವ್ಯಾಪಾರ, ನಾವಿಕರ ಕಥೆ ಅಂದರೆ ಇಷ್ಟ. ಸೆಕೆಂಡ್ ಹ್ಯಾಂಡ್ ಪುಸ್ತಕ ಕೂಡಿಸಬೇಕು ಅಂತ ಆಸೆ. ಆದರೆ ಸಮುದ್ರವೇ ಇಲ್ಲದ ಜಿಲ್ಲೆಯಲ್ಲಿ ಎಲ್ಲಿಂದ ಶುರು ಮಾಡೋದು, ಎಷ್ಟು ದುಡ್ಡು ಬೇಕು?

ನಾನು ಅಮ್ಮತ್ತಿ ಹತ್ತಿರ ಇರುವವನು. ಹದಿನೆಂಟು ವರ್ಷದಿಂದ ಇದೇ ಹುಚ್ಚು. ದುಡ್ಡಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾನೇ ನಿಮ್ಮನ್ನು ಒಂದು ಕೇಳಬೇಕು. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲೂ ಬೆಚ್ಚಗೆ ಒಣಗಿರುವ ಜಾಗ ನಿಮ್ಮ ಮನೆಯಲ್ಲಿ ಎಷ್ಟಡಿ ಇದೆ? ಆ ಜಾಗಕ್ಕೆ ಹಿಡಿಸುವಷ್ಟು ಮಾತ್ರ ಕೊಳ್ಳಿ. ಬೆಂಗಳೂರಿನವರಿಗೆ ಕಪಾಟು ತುಂಬಿದರೆ ಇನ್ನೊಂದು ಕಪಾಟು. ನಮಗೆ ಹಾಗಲ್ಲ.

ನಮ್ಮ ವಿಷಯದ ಪುಸ್ತಕಗಳಿಗೆ ಒಂದು ವಿಶೇಷ ಕಾಯಿಲೆ ಇದೆ. ಹಡಗಿನ ಫೋಟೊಗಳು ಜಾಸ್ತಿ ಇರುತ್ತವೆ. ಅವು ಅಚ್ಚಾಗುವುದು ನುಣುಪಾದ ಆರ್ಟ್ ಪೇಪರ್ ಮೇಲೆ. ಆ ಕಾಗದಕ್ಕೆ ಬಿಳಿ ಜೇಡಿಯ ಲೇಪ ಇರುತ್ತದೆ. ನೀರು ತಾಗಿದರೆ ಲೇಪ ಅಂಟಿನ ಹಾಗೆ ಆಗುತ್ತದೆ. ಒಣಗಿದ ಮೇಲೆ ಎರಡು ಪುಟ ಸೇರಿ ಒಂದೇ ರಟ್ಟು. ಮಾಮೂಲಿ ಕಾದಂಬರಿ ನೆನೆದರೆ ಉಬ್ಬುತ್ತದೆ, ಕಲೆಯಾಗುತ್ತದೆ, ಆದರೂ ಓದಬಹುದು. ಇದನ್ನು ಬಿಡಿಸಲು ಹೋದರೆ ಹಡಗಿನ ಅರ್ಧ ಈ ಪುಟದಲ್ಲಿ, ಇನ್ನರ್ಧ ಆ ಪುಟದಲ್ಲಿ.

ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಒಂದು ಜುಲೈನಲ್ಲಿ ಮರ ಬಿದ್ದು ಒಂಬತ್ತು ದಿನ ಕರೆಂಟ್ ಇರಲಿಲ್ಲ. ಹೆಂಚು ಸರಿದು ನೀರು ಗೋಡೆ ಗುಂಟ ಇಳಿದು ಕಪಾಟಿನ ಹಿಂದೆ ಸೇರಿತ್ತು. ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹನ್ನೊಂದು ಪುಸ್ತಕ ಹೋದವು. ಆಗ ಮಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ್ದು ಇವತ್ತಿಗೂ ನನ್ನ ಮದ್ದು. ನೆನೆದ ಪುಸ್ತಕ ಒದ್ದೆ ಇರುವಾಗಲೇ ಫೋಟೊ ಪುಟಗಳ ನಡುವೆ ಬಟರ್ ಪೇಪರ್ ಇಡಿ. ತಕ್ಷಣ ಕೈ ಬಿಡುವಿಲ್ಲದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿ. ಹೆಪ್ಪುಗಟ್ಟಿದರೆ ಪುಟ ಅಂಟುವುದೂ ನಿಲ್ಲುತ್ತದೆ, ಬೂಷ್ಟೂ ಬರುವುದಿಲ್ಲ. ಬಿಡುವಾದಾಗ ಒಂದೊಂದೇ ತೆಗೆದು ಒಣಗಿಸಬಹುದು. ಕರೆಂಟ್ ಇಲ್ಲದ ನಮ್ಮ ಮನೆಯಲ್ಲಿ ಅದೂ ಆಗುತ್ತಿರಲಿಲ್ಲ. ಜನರೇಟರ್ ಇದ್ದ ಅಕ್ಕನ ಮನೆಗೆ ಒಯ್ದೆ. ಅವಳ ಫ್ರೀಜರ್‌ನಲ್ಲಿ ಪಂದಿ ಮಾಂಸದ ಪಕ್ಕ ಒಂದು ಸಬ್‌ಮರೀನ್ ಪುಸ್ತಕ ಹತ್ತು ದಿನ ಮಲಗಿತ್ತು. ಭಾವ ಇನ್ನೂ ಅದನ್ನು ಎತ್ತಿ ಆಡುತ್ತಾರೆ.

ಈಗ ನನ್ನದು ಒಂದೇ ಕಬ್ಬಿಣದ ಬೀರು. ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದ್ದೇನೆ. ತಳದಲ್ಲಿ 40 ವಾಟಿನ ಹಳೆ ಕಾಲದ ಬಲ್ಬ್, ಸುತ್ತ ತಂತಿಯ ಬಲೆ, ಅದಕ್ಕೂ ಪುಸ್ತಕಕ್ಕೂ ಒಂದಡಿ ಅಂತರ. ಅಮ್ಮಂದಿರು ರೇಷ್ಮೆ ಸೀರೆಗೆ ಮಾಡುತ್ತಿದ್ದರಲ್ಲ, ಅದೇ. ಎಲ್‌ಇಡಿ ಹಾಕಬೇಡಿ, ಅದು ಸಾಕಷ್ಟು ಬಿಸಿಯಾಗುವುದಿಲ್ಲ. ಒಳಗೆ ತೇವ ತೋರಿಸುವ ಚಿಕ್ಕ ಮೀಟರ್ ಇಟ್ಟಿದ್ದೇನೆ. 60 ಪರ್ಸೆಂಟ್ ದಾಟಿದರೆ ಬಲ್ಬ್ ಹಾಕುತ್ತೇನೆ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬ ಕಳೆದು ಎರಡು ವಾರ ಬಿಸಿಲು ಕಂಡ ಮೇಲೆ ಎಲ್ಲ ಪುಸ್ತಕ ಹೊರಗೆ ತೆಗೆದು ಜಗಲಿಯ ನೆರಳಿನಲ್ಲಿ ಗಾಳಿಗೆ ಇಡುತ್ತೇನೆ. ಕಾಫಿ ಹರಡಿದ ಹಾಗೆ ಕಣದ ಬಿಸಿಲಿಗೆ ಹಾಕಬೇಡಿ, ರಟ್ಟು ಸೊಟ್ಟಗಾಗಿ ಬೆನ್ನು ಬಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊರಿಯರ್‌ನಲ್ಲಿ ಪುಸ್ತಕ ತರಿಸುವುದೂ ಬೇಡ.

ಜಾಗ ಇಷ್ಟೇ ಅಂದಮೇಲೆ ಆರಿಸಬೇಕಾಗುತ್ತದೆ. ಎಲ್ಲ ಸಮುದ್ರದ ಎಲ್ಲ ಯುದ್ಧ ಅಂತ ಹೊರಟರೆ ಎರಡೇ ವರ್ಷಕ್ಕೆ ಬೀರು ತುಂಬುತ್ತದೆ, ಅರ್ಧ ಓದಿರುವುದಿಲ್ಲ. ನನ್ನ ಸಲಹೆ, ನಮ್ಮ ಸಮುದ್ರದಿಂದ ಶುರು ಮಾಡಿ. ನಮ್ಮದು ಅಂದರೆ ಯಾವುದು ಅಂತೀರಾ? ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು. ಅಲ್ಲಿಯ ಸೇಂಟ್ ಏಂಜಲೊ ಕೋಟೆಯನ್ನು ಪೋರ್ಚುಗೀಸರು ಕಟ್ಟಲು ಶುರು ಮಾಡಿದ್ದು 1505ರಲ್ಲಿ, ಅವರ ಮೊದಲ ವೈಸ್‌ರಾಯ್ ಅಲ್ಮೇಡ ಬಂದ ವರ್ಷ. ನಾಲ್ಕು ವರ್ಷದ ಮೇಲೆ, 1509ರಲ್ಲಿ, ಅದೇ ಅಲ್ಮೇಡ ದಿಯು ಹತ್ತಿರ ಸಮುದ್ರ ಯುದ್ಧ ಗೆದ್ದ. ಸಂಪಾಜೆ ಕಡೆ ಇಳಿದರೆ ಮಂಗಳೂರು, ಉಳ್ಳಾಲ, ಅಬ್ಬಕ್ಕ. ಇನ್ನೂ ಮೇಲೆ ಹೊನ್ನಾವರ. ಅಲ್ಲಿಯ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ, 1510ರಲ್ಲಿ ಗೋವಾ ಹಿಡಿಯಲು ಅವರ ಸೇನಾಪತಿ ಅಲ್ಬುಕರ್ಕ್‌ಗೆ ಜೊತೆ ಕೊಟ್ಟವನು. ಕೊಡಗಿನಲ್ಲಿ ತಿಮ್ಮಯ್ಯ ಅಂದರೆ ಎಲ್ಲರಿಗೂ ಜನರಲ್ ನೆನಪಾಗುತ್ತಾರೆ. ಈ ಇನ್ನೊಬ್ಬ ತಿಮ್ಮಯ್ಯನನ್ನು ನಾನು ಮೊದಲು ಕಂಡದ್ದು ಪುಟ ಹಳದಿಯಾದ ಒಂದು ಇಂಗ್ಲಿಷ್ ಪುಸ್ತಕದ ಅಡಿಟಿಪ್ಪಣಿಯಲ್ಲಿ. ಅದಾದ ಮೇಲೆ ಅಡಿಟಿಪ್ಪಣಿ ಬಿಟ್ಟು ಓದುವ ಅಭ್ಯಾಸ ಹೋಯಿತು.

ಹೈದರನ ಕಾಲಕ್ಕೆ ಬಂದರೆ ಇನ್ನೂ ಸ್ವಾರಸ್ಯ. ಅವನ ಹೆಸರು, ಅವನ ಮಗನ ಹೆಸರು ಕೊಡಗಿನಲ್ಲಿ ಬೇರೆ ಕಾರಣಕ್ಕೆ ನೆನಪಿದೆ. ಆ ಜಗಳ ಇಲ್ಲಿ ಬೇಡ. ಮಂಗಳೂರಿನಲ್ಲಿ ಕಷ್ಟಪಟ್ಟು ಕಟ್ಟಿದ ಅವನ ಹಡಗುಗಳನ್ನು 1780ರಲ್ಲಿ ಇಂಗ್ಲಿಷ್ ಅಡ್ಮಿರಲ್ ಹ್ಯೂಸ್ ಸುಟ್ಟುಹಾಕಿದ. ಎರಡು ವರ್ಷದ ಮೇಲೆ ಅದೇ ಹ್ಯೂಸ್‌ನನ್ನು ಎದುರಿಸಲು ಫ್ರಾನ್ಸಿನಿಂದ ಸಫ್ರನ್ ಎಂಬ ನೌಕಾನಾಯಕ ಬಂದ. 1782, 83ರಲ್ಲಿ ಇಬ್ಬರ ನಡುವೆ ಐದು ಕಾಳಗ. ಮಧ್ಯದಲ್ಲಿ ಸಫ್ರನ್ ಕಡಲೂರಿನಲ್ಲಿ ಹೈದರನನ್ನು ಭೇಟಿಯಾದ. ಅಮೆರಿಕದ ಮಹಾನ್ ಎಂಬಾತ 1890ರಲ್ಲಿ ಸಮುದ್ರಶಕ್ತಿಯ ಬಗ್ಗೆ ಬರೆದ ದೊಡ್ಡ ಪುಸ್ತಕವನ್ನು ನೌಕಾಪಡೆಯವರೆಲ್ಲ ಓದುತ್ತಾರೆ. ಅದರಲ್ಲಿ ಈ ಯುದ್ಧಕ್ಕೇ ಒಂದು ಪೂರ್ತಿ ಅಧ್ಯಾಯ ಇದೆ. ಅಷ್ಟು ದೂರದವನ ಪುಸ್ತಕದಲ್ಲಿ ಮೈಸೂರು ಸಿಕ್ಕಾಗ ಆಗುವ ಖುಷಿಗೇ ನಾನು ಇದಕ್ಕೆ ಬಿದ್ದದ್ದು. ಮಹಾನ್‌ನ ಹಳೆ ಪ್ರತಿಗೆ ದುಡ್ಡು ಹಾಕಬೇಡಿ. ಹಕ್ಕುಸ್ವಾಮ್ಯ ಮುಗಿದಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇದೆ. ರಾಧಾಕುಮುದ ಮುಖರ್ಜಿ 1912ರಲ್ಲಿ ಭಾರತದ ಹಡಗು ಉದ್ಯಮದ ಮೇಲೆ ಬರೆದದ್ದೂ ಹಾಗೆಯೇ. ಮೊದಲು ಸ್ಕ್ಯಾನ್ ಓದಿ. ಮತ್ತೆ ಮತ್ತೆ ಬೇಕು ಅನಿಸಿದರೆ ಮಾತ್ರ ಬೀರುವಿನಲ್ಲಿ ಜಾಗ ಕೊಡಿ.

ಕೊಡಗಿಗೂ ಹಡಗಿಗೂ ಏನು ಸಂಬಂಧ ಅಂತ ಯಾರಾದರೂ ನಕ್ಕರೆ ಮರದ ಕಥೆ ಹೇಳಿ. ಹಾಯಿ ಹಡಗಿನ ಕಾಲದಲ್ಲಿ ಪಟಸ್ತಂಭಕ್ಕೆ ಗಂಟಿಲ್ಲದ, ನೆಟ್ಟಗೆ ಬೆಳೆದ, ಹಗುರ ಮರ ಬೇಕಿತ್ತು. ಸುರಹೊನ್ನೆಯ ಕುಲದ ಒಂದು ಕಾಡುಮರ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಇಂಗ್ಲಿಷರು ಪೂನ್ ಅನ್ನುತ್ತಿದ್ದರು. ಕೊಡಗು, ಕೆನರಾ ಕಾಡುಗಳಿಂದ ಅದು ಕರಾವಳಿಗೆ ಇಳಿಯುತ್ತಿತ್ತು. ಹಾಗಾಗಿ ಹಳೆ ಅರಣ್ಯ ಪುಸ್ತಕ, ಗೆಜೆಟಿಯರ್ ಕಂಡರೆ ಅದನ್ನೂ ತಿರುವಿ ನೋಡಿ. ಮಲಬಾರ್ ತೇಗದ್ದಂತೂ ಇನ್ನೂ ದೊಡ್ಡ ಕಥೆ. ಆ ತೇಗದಿಂದ ಬೊಂಬಾಯಿಯ ವಾಡಿಯಾ ಮನೆತನದವರು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ.

ಇನ್ನು ಎಲ್ಲಿ ಸಿಗುತ್ತದೆ? ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್. ಇಷ್ಟು ಎಲ್ಲರಿಗೂ ಗೊತ್ತು. ನಮ್ಮ ಅನುಕೂಲ ಬೇರೆಯೇ ಇದೆ. ಇಲ್ಲಿ ಮನೆಗೊಬ್ಬರು ಸೈನ್ಯದಲ್ಲಿದ್ದವರು. ಹೆಚ್ಚಿನವರು ಭೂಸೇನೆ, ನಿಜ. ಆದರೆ ಆಫೀಸರುಗಳು ಓದುತ್ತಿದ್ದುದು ಎಲ್ಲ ಯುದ್ಧದ್ದು. ಹಳೆ ಎಸ್ಟೇಟ್ ಬಂಗಲೆಗಳಲ್ಲೂ ಒಂದೊಂದು ಗಾಜಿನ ಕಪಾಟು ಇರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಕೆನಡಾದಲ್ಲೋ. ಮನೆ ಖಾಲಿ ಮಾಡುವ ದಿನ ಬೆಳ್ಳಿ ಸಾಮಾನು, ಕೋವಿ, ರೋಸ್‌ವುಡ್ ಮೇಜಿಗೆ ಲೆಕ್ಕ ಇರುತ್ತದೆ. ಪುಸ್ತಕ ಮಾತ್ರ ಗುಜರಿಗೆ.

ಹಾಗೆ ಹೋಗುವ ಮುಂಚೆ ನಾವು ಹೋಗಬೇಕು. ಆದರೆ ಹದ್ದಿನ ಹಾಗೆ ಅಲ್ಲ. ಸಾವಾದ ಮನೆಗೆ ತಿಂಗಳೊಪ್ಪತ್ತು ಕಾಲಿಡುವುದೇ ಇಲ್ಲ ನಾನು. ಪೊಲ್ಲಿಬೆಟ್ಟ ಕಡೆ ಒಬ್ಬರು ಆಂಟಿ ಅವರೇ ಹೇಳಿ ಕಳಿಸಿದ್ದರು. ಜಗಲಿಯಲ್ಲಿ ಮೂರು ರಟ್ಟಿನ ಪೆಟ್ಟಿಗೆ ಇತ್ತು. “ಅಂಕಲ್ ಇದ್ದಾಗ ಮುಟ್ಟೋಕೆ ಬಿಡ್ತಿರಲಿಲ್ಲ. ಈಗ ಯಾರು ಓದ್ತಾರೆ, ತಗೊಂಡು ಹೋಗು” ಅಂದರು. ದುಡ್ಡು ಎಷ್ಟು ಆಂಟಿ ಅಂದರೆ ಬೈದರು. ಕೊನೆಗೆ ನಮ್ಮ ತೋಟದ ಎರಡು ಕೇಜಿ ಜೇನು ಕೊಟ್ಟು ಬಂದೆ. ಮನೆಗೆ ಬಂದು ನೋಡಿದರೆ ಒಂದು ಪುಸ್ತಕದೊಳಗೆ ಅಂಕಲ್ ಬರೆದ ಕಾಗದಗಳು. ಓದದೆ ಮಾರನೇ ದಿನವೇ ವಾಪಸು ಕೊಟ್ಟೆ. ನೀವೂ ಪುಸ್ತಕ ತಂದ ದಿನವೇ ಪುಟ ಪುಟ ತಿರುವಿ ನೋಡಿ. ಕಾಗದ, ಫೋಟೊ ಏನು ಸಿಕ್ಕರೂ ಅದು ಆ ಮನೆಯದ್ದು.

ದುಡ್ಡಿನ ಮಾತು. ನಾನು ಒಂದು ಪುಸ್ತಕಕ್ಕೆ ಕೊಟ್ಟಿರುವುದು ಜಾಸ್ತಿ ಅಂದರೆ 2,800 ರೂಪಾಯಿ. ಹೆಚ್ಚಿನವು 200ರಿಂದ 600ರ ಒಳಗೆ. ಮೊದಲ ಮುದ್ರಣ, ಸಹಿ ಇರುವ ಪ್ರತಿ ಅಂತ ಹಿಂದೆ ಬೀಳುವುದು ನನಗೆ ಹಿಡಿಸುವುದಿಲ್ಲ. ನಾನು ನೋಡುವುದು ನಕ್ಷೆ. ನೌಕಾ ಇತಿಹಾಸದ ಪುಸ್ತಕದಲ್ಲಿ ಮಡಚಿಟ್ಟ ನಕ್ಷೆ ಹರಿದು ಹೋಗಿದ್ದರೆ ಯಾವ ಹಡಗು ಎಲ್ಲಿ ತಿರುಗಿತು ಅಂತ ತಲೆಬುಡ ಗೊತ್ತಾಗುವುದಿಲ್ಲ. ಮುಂದೆ ನಕ್ಷೆಗಳ ಪಟ್ಟಿ ಇರುತ್ತದೆ, ಅಂಗಡಿಯಲ್ಲೇ ನಿಂತು ಎಣಿಸಿ. ಆಮೇಲೆ ಮೂಗಿನ ಹತ್ತಿರ ಹಿಡಿಯಿರಿ. ಹಳೆ ಕಾಗದದ ವಾಸನೆ ಪರವಾಗಿಲ್ಲ. ಬೂಷ್ಟಿನ ವಾಸನೆ ಬಂದರೆ ಎಷ್ಟು ಅಗ್ಗವಾದರೂ ಬೇಡ, ಬೀರುವಿನಲ್ಲಿರುವ ಬೇರೆಯವಕ್ಕೂ ಹರಡುತ್ತದೆ.

ಸಂಪುಟಗಳ ಲೆಕ್ಕವೂ ಗೊತ್ತಿರಬೇಕು. ನಾನು ಮೋಸ ಹೋದದ್ದು ಅಲ್ಲೇ. ಎರಡನೇ ಮಹಾಯುದ್ಧದ ಬ್ರಿಟಿಷ್ ನೌಕಾ ಇತಿಹಾಸವನ್ನು ಅವರ ಸರ್ಕಾರದ ಪರವಾಗಿ ರೋಸ್ಕಿಲ್ ಎಂಬ ನೌಕಾಧಿಕಾರಿ ಬರೆದರು. 1954ರಿಂದ 1961ರ ತನಕ ಬಂತು. ಮೂರು ಸಂಪುಟ ಅಂತಲೇ ಹೆಸರು. ಆದರೆ ಮೂರನೆಯದರಲ್ಲಿ ಎರಡು ಭಾಗ, ಎರಡೂ ಬೇರೆ ಬೇರೆ ಪುಸ್ತಕ. ಅಂದರೆ ಕೈಗೆ ನಾಲ್ಕು ಬರಬೇಕು. ಆನ್‌ಲೈನ್‌ನಲ್ಲಿ ಒಬ್ಬ ವ್ಯಾಪಾರಿ “ಮೂರೂ ಸಂಪುಟ, ಪೂರ್ತಿ ಸೆಟ್” ಅಂತ ಮಾರಿದ. ಮೂರು ಬಂತು, ನಾನೂ ಖುಷಿಯಾಗಿ ಇಟ್ಟುಕೊಂಡೆ. ಓದುತ್ತಾ ಹೋದರೆ ಕಥೆ 1944ರ ಮಧ್ಯದಲ್ಲೇ ನಿಂತುಬಿಟ್ಟಿತು. ಕೇಳಿದರೆ ಮೂರು ಅಂದಿದ್ದೆ, ಮೂರು ಕಳಿಸಿದ್ದೇನೆ ಅಂದ. ವಾದಕ್ಕೆ ಉತ್ತರ ಎಲ್ಲಿದೆ ಹೇಳಿ.

ಆದರೂ ಒಂದೇ ಸೆಟ್ ಕೊಳ್ಳುವುದಾದರೆ ನಾನು ಅದನ್ನೇ ಹೇಳುತ್ತೇನೆ, ಕಾರಣ ಇದೆ. ನಮ್ಮ ನೌಕಾಪಡೆಯ ಮೊದಲ ದೊಡ್ಡ ಹಡಗುಗಳು ಬ್ರಿಟಿಷರು ಬಳಸಿ ಬಿಟ್ಟವು, ಅಂದರೆ ಅವೂ ಸೆಕೆಂಡ್ ಹ್ಯಾಂಡ್. ಮೊದಲ ಸಂಪುಟದಲ್ಲಿ 1939ರ ರಿವರ್ ಪ್ಲೇಟ್ ಕಾಳಗ ಬರುತ್ತದೆ. ಅಲ್ಲಿ ಜರ್ಮನರ ಗ್ರಾಫ್ ಸ್ಪೀ ಎಂಬ ಯುದ್ಧನೌಕೆ ಮೇಲೆ ಬಿದ್ದ ಮೂರು ಹಡಗಿನಲ್ಲಿ ಒಂದು ಅಕಿಲೀಸ್. 1948ರಲ್ಲಿ ಅದೇ ನಮ್ಮ ಡೆಲ್ಲಿ ಆಯಿತು. ಎರಡನೇ ಸಂಪುಟದಲ್ಲಿ 1942ರ ಆಗಸ್ಟ್. ಮಾಲ್ಟಾಕ್ಕೆ ಸಾಮಾನು ಒಯ್ಯುವ ಹಡಗುಗಳಿಗೆ ಕಾವಲಾಗಿ ಹೊರಟ ನೈಜೀರಿಯಾ ಎಂಬ ಕ್ರೂಸರ್ ಇಟಲಿಯ ಸಬ್‌ಮರೀನಿನ ಟಾರ್ಪಿಡೊ ತಿಂದು, ಮುಳುಗದೆ ವಾಪಸಾಯಿತು. ಹದಿನೈದು ವರ್ಷ ಕಳೆದು 1957ರಲ್ಲಿ ಅದೇ ಐಎನ್‌ಎಸ್ ಮೈಸೂರು. ಅದರ ಲಾಂಛನದಲ್ಲಿ ಗಂಡಭೇರುಂಡ. ಅದೇ ಸಂಪುಟದಲ್ಲಿ 1942ರ ಏಪ್ರಿಲ್‌ನಲ್ಲಿ ಜಪಾನಿಯರು ಕೊಲಂಬೊ ಮೇಲೆ ಬಾಂಬ್ ಹಾಕಿದ್ದೂ ಇದೆ. ಮುಂದಿನ ಕಥೆ ಬೇಕಾದರೆ ನಮ್ಮ ನೌಕಾಪಡೆಯದೇ ಇತಿಹಾಸ ಇದೆ. ಸತ್ಯೀಂದ್ರ ಸಿಂಗ್ 1965ರ ತನಕ ಎರಡು ಪುಸ್ತಕದಲ್ಲಿ ಬರೆದರು, ಅಲ್ಲಿಂದ ಹಿರಾನಂದಾನಿ ಮುಂದುವರಿಸಿದರು. 1971ರ ಕರಾಚಿ ದಾಳಿ, ನಮ್ಮ ಖುಕ್ರಿ ಹಡಗು ಮುಳುಗಿದ್ದು ಎಲ್ಲ ಹಿರಾನಂದಾನಿಯವರ ಮೊದಲನೆಯದರಲ್ಲಿ.

ಅಂದ ಹಾಗೆ, ಆ ನಾಲ್ಕನೇ ಪುಸ್ತಕ ನನಗೆ ಆರು ವರ್ಷದ ಮೇಲೆ ಸಿಕ್ಕಿತು. ಬಿಡಿಯಾಗಿ ಕೊಡಲ್ಲ ಅಂದರು, ಜೊತೆಗೆ ಎರಡನೇ ಸಂಪುಟವನ್ನೂ ಕೊಳ್ಳಬೇಕಾಯಿತು. ಹಾಗಾಗಿ ಎರಡನೆಯದು ನನ್ನ ಹತ್ತಿರ ಎರಡು ಪ್ರತಿ ಇದೆ. ಒಂದರಲ್ಲಿ ಎರಡು ಫೋಟೊ ಪುಟ ಅಂಟಿವೆ, ನಕ್ಷೆ ಎಲ್ಲ ಸರಿ ಇದೆ, ನೈಜೀರಿಯಾ ಕಥೆಗೂ ಏನೂ ಆಗಿಲ್ಲ. ನಿಮಗೆ ಬೇಕಾದರೆ ಹೇಳಿ, ಇಟ್ಟಿರುತ್ತೇನೆ. ಮಳೆ ನಿಂತ ಮೇಲೆ ಬಂದು ತೆಗೆದುಕೊಂಡು ಹೋಗಿ. ಅಷ್ಟರೊಳಗೆ ಬೀರು, ಬಲ್ಬ್ ರೆಡಿ ಮಾಡಿಕೊಳ್ಳಿ.