0% ಆದ್ಮೇಲೂ ಎಲೆಕ್ಟ್ರಿಕ್ ಕಾರು ಓಡತ್ತಾ, ರಿಸರ್ವ್ ಅಂತ ಏನಾದ್ರೂ ಇರತ್ತಾ?

ಬೈಕಲ್ಲಿ ರಿಸರ್ವ್‌ಗೆ ಹಾಕ್ಕೊಂಡು ಬಂಕ್ ತನಕ ಹೋಗ್ತೀವಲ್ಲ, ಹಂಗೆ ಇದ್ರಲ್ಲೂ ಹೋಗ್ಬಹುದಾ ಅಂತ ಕೇಳಿದ್ದೀರಿ. 0% ಕೆಳಗೆ ಸ್ವಲ್ಪ ಇರೋದು ನಿಜ, ಆದ್ರೆ ದಯವಿಟ್ಟು ಅದನ್ನ ನಂಬ್ಕೊಂಡು ಹೊರಡಬೇಡಿ. ಅದು ಬ್ಯಾಟರಿ ಉಳಿಸ್ಕೊಳ್ಳಕ್ಕೆ ಇಟ್ಟಿರೋದು, ನಮಗಲ್ಲ.

ಲಿಥಿಯಂ ಸೆಲ್ ತೀರಾ ಖಾಲಿಯಾದ್ರೆ ಒಳಗಿರೋ ತಾಮ್ರದ ಹಾಳೆ ಕರಗಕ್ಕೆ ಶುರುವಾಗತ್ತೆ, ಆಮೇಲೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇರೆ ಕಡೆ ಕೂತ್ಕೊಂಡು ಒಳಗೇ ಶಾರ್ಟ್ ಆಗ್ಬಹುದು. ಅದಕ್ಕೇ ಕಂಪನಿಯೋರು ಬ್ಯಾಟರೀನ ಪೂರ್ತಿ ನಮ್ಮ ಕೈಗೆ ಕೊಡಲ್ಲ. ಪೋರ್ಷೆ ಕಂಪನಿಯ ಎಲೆಕ್ಟ್ರಿಕ್ ಕಾರು ಟೈಕಾನ್ ಬಂದಾಗ ದೊಡ್ಡ ಬ್ಯಾಟರಿ ಒಟ್ಟು 93.4 ಕಿಲೋವ್ಯಾಟ್ ಅವರ್, ಬಳಸಕ್ಕೆ ಸಿಗ್ತಿದ್ದಿದ್ದು 83.7. ಆ ವ್ಯತ್ಯಾಸ ಪೂರ್ತಿ 0% ಕೆಳಗಿದೆ ಅಂದ್ಕೋಬೇಡಿ, ಮೇಲ್ಗಡೇನೂ ಬಿಟ್ಟಿರ್ತಾರೆ.

ನಾನೂ ಒಂದ್ಸಲ 0 ತೋರಿಸಿದ ಮೇಲೆ ಆರೇಳು ಕಿಲೋಮೀಟರ್ ಓಡಿಸಿದೀನಿ, ಏನೂ ಆಗ್ಲಿಲ್ಲ. ಆ ಧೈರ್ಯದ ಮೇಲೇ ಇನ್ನೊಂದ್ಸಲ ಚಳಿಗಾಲದ ರಾತ್ರಿ, ಅಮ್ಮ ಹಿಂದುಗಡೆ ಮಲಗಿದ್ರು, 4% ಇದೆ ಚಾರ್ಜರ್ ಇನ್ನೇನು ಬಂತು ಅಂತ ಹೋಗ್ತಾ ಇದ್ದೆ, ಏರು ಶುರುವಾಯ್ತು ನೋಡಿ, 4 ಇದ್ದಿದ್ದು ನೋಡ್ತಾ ನೋಡ್ತಾ 1 ಆಯ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ ಕಾರು ತೆವಳ್ತಾ ಇತ್ತು, ಆಮೇಲೆ ನಿಂತೇ ಹೋಯ್ತು. ಕತ್ತಲಲ್ಲಿ ಹಿಂದಿಂದ ಲಾರಿ ಲೈಟ್ ಬಂದಾಗೆಲ್ಲ ಅಮ್ಮನ ಮುಖ ನೋಡಕ್ಕಾಗ್ತಿರ್ಲಿಲ್ಲ.

ಯಾಕೆ ಹಂಗಾಯ್ತು ಅಂದ್ರೆ, ಪರ್ಸೆಂಟ್ ಅನ್ನೋದು ಅಳತೆ ಅಲ್ಲ, ಲೆಕ್ಕ ಹಾಕಿ ಹೇಳೋ ಅಂದಾಜು. ಸೆಲ್‌ಗಳು ಸಾಲಾಗಿ ಜೋಡಿಸಿರ್ತಾರೆ, ಅದ್ರಲ್ಲಿ ಎಲ್ಲಕ್ಕಿಂತ ವೀಕ್ ಇರೋದು ವೋಲ್ಟೇಜಿನ ಕೆಳಗಿನ ಮಿತಿ ಮುಟ್ಟಿದ್ರೆ ಸಾಕು, ಮಿಕ್ಕಿದ್ರಲ್ಲಿ ಚಾರ್ಜ್ ಇದ್ರೂ ಕಾರು ನಿಲ್ಲತ್ತೆ. ಚಳಿಗೆ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಆಗತ್ತೆ, ಏರಲ್ಲಿ ಜೋರಾಗಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಆ ಮಿತಿ ಬೇಗ ಮುಟ್ಟತ್ತೆ. ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಆದ್ರೆ ಅಂದಾಜು ಮಾಡೋದು ಇನ್ನೂ ಕಷ್ಟ, ಅರ್ಧ ಖಾಲಿಯಾದ್ರೂ ವೋಲ್ಟೇಜ್ ಹೆಚ್ಚುಕಮ್ಮಿ ಹಾಗೇ ಇರತ್ತೆ, ಅದಕ್ಕೇ ಆಗಾಗ 100% ಚಾರ್ಜ್ ಮಾಡಿ ಅಂತಾರೆ, ಲೆಕ್ಕ ಸರಿಹೋಗ್ಲಿ ಅಂತ.

ಸ್ಪೀಡ್ ಇಳಿಸೋದಿದ್ರೆ 15% ಇರೋವಾಗ್ಲೇ ಇಳಿಸಿ, 2% ಆದ್ಮೇಲೆ ಇಳಿಸಿದ್ರೆ ಹೆಚ್ಚೇನೂ ದಕ್ಕಲ್ಲ. 100ರಲ್ಲಿ ಹೋಗೋದು 80ಕ್ಕೆ ಬಂದ್ರೆ ಗಾಳಿಯ ತಡೆ ಮೂರನೇ ಒಂದು ಭಾಗಕ್ಕಿಂತ ಜಾಸ್ತೀನೇ ಕಮ್ಮಿ ಆಗತ್ತೆ. ಚಳೀಲಿ ಹೀಟರ್ ಬದ್ಲು ಸೀಟ್ ಬಿಸಿ ಮಾಡ್ಕೊಳ್ಳಿ.

ಅಕಸ್ಮಾತ್ ನಿಂತೇ ಹೋಯ್ತು ಅಂದ್ರೆ ಹಗ್ಗ ಕಟ್ಟಿ ಎಳೆಸ್ಬೇಡಿ. ಅವತ್ತು ಸಹಾಯಕ್ಕೆ ಬಂದೋರು ಹಗ್ಗ ತೆಗೆದೇ ಬಿಟ್ಟಿದ್ರು, ನಾನೇ ತಡೆದೆ, ಯಾಕಂದ್ರೆ ಚಕ್ರ ತಿರುಗಿದ್ರೆ ಮೋಟಾರ್ ತಿರುಗತ್ತೆ, ಕರೆಂಟ್ ಹುಟ್ಟಿ ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗ್ಬಹುದು. ಕಾರು ಪೂರ್ತಿ ಮೇಲೆ ಹತ್ತಿಸ್ಕೊಂಡು ಹೋಗೋ ಗಾಡೀನೇ ಕರೆಸಿ, ಅವತ್ತೇ ಚಾರ್ಜಿಗೆ ಹಾಕಿ. ಹಾಗೇ ದಿನಗಟ್ಟಲೆ ಬಿಟ್ರೆ ಚಿಕ್ಕ 12 ವೋಲ್ಟ್ ಬ್ಯಾಟರೀನೂ ಸತ್ತುಹೋಗತ್ತೆ, ಆಮೇಲೆ ಚಾರ್ಜರ್ ಚುಚ್ಚಿದ್ರೂ ಕಾರು ಎಚ್ಚರಾಗ್ದೇ ಇರ್ಬಹುದು.